ಮೂವರಿಗೆ ಎರಡು ಕನ್ನಡಕ

ನೋವಾಗಲಿಲ್ಲ. ಕಣ್ಣಿಗೆ ಪೆಟ್ಟಾಯಿತೆಂದು ಕೇಳಿದವರೆಲ್ಲರೂ ಮೊದಲು ವಿಚಾರಿಸುವುದು ನೋವಿನ ಬಗ್ಗೆಯೇ ಆದ್ದರಿಂದ, ಇದನ್ನು ಆರಂಭದಲ್ಲಿಯೇ ತಿಳಿಸುತ್ತಿದ್ದೇನೆ. ಬಲಗಣ್ಣಿನ ಒಳಗೆ, ಎಲ್ಲೋ ತಲೆಯ ನಡುವೆ ಎಂಬಂತೆ, ಒಣಕಡ್ಡಿ ಮುರಿದ ಹಾಗೆ ಒಂದು ಸಣ್ಣ ಸದ್ದಾಯಿತು. ಬಿಳಿಯ ಮಿಂಚೊಂದು ಕಂಡು ಮಾಯವಾಯಿತು. ಅದಾದ ಮೇಲೂ ನಾನು ಅರ್ಧ ಗಂಟೆ ಕೆಲಸ ಮಾಡಿದೆ. ಪ್ರಯೋಗ ನೋಡಲು ಬಂದಿದ್ದ ಅತಿಥಿಯೊಬ್ಬರಿಗೆ ಚಹಾ ತರಿಸಿಕೊಟ್ಟೆ. ಅವರನ್ನು ಮೆಟ್ಟಿಲಿನವರೆಗೆ ಕಳುಹಿಸಿ ಬಂದೆ. ನನ್ನ ಕಣ್ಣಿಗೆ ಏನೋ ಆಗಿದೆ ಎಂದು ಅವರೆದುರು ಹೇಳುವುದು ಸಭ್ಯತೆಯಲ್ಲವೆಂದು ಆಗ ನನಗೆ ತೋರಿತ್ತು.

ಇದು ಎಂಬತ್ತರ ದಶಕದ ನಡುವಿನ ವರ್ಷಗಳ ಮಾತು. ದಾಂಡೇಲಿಯಿಂದ ಒಂದು ಹಗಲಿನ ಪ್ರಯಾಣದಷ್ಟು ದೂರದ ನಗರವೊಂದರ ಪ್ರಯೋಗಾಲಯದಲ್ಲಿ ನಾನು ಸಂಶೋಧನಾ ವಿದ್ಯಾರ್ಥಿಯಾಗಿದ್ದೆ. ಆ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರ ಅವಶ್ಯಕತೆಯೂ ಇಲ್ಲ. ನಾವು ಬಳಸುತ್ತಿದ್ದ ಲೇಸರ್ ಯಂತ್ರದ ಕಿರಣ ಕಣ್ಣಿಗೆ ಕಾಣುತ್ತಿರಲಿಲ್ಲ. ಬಿಟ್ಟು ಬಿಟ್ಟು ಬರುವ ಆ ಕಿರಣದ ಒಂದೊಂದು ಮಿಡಿತವೂ ರೆಪ್ಪೆ ಮುಚ್ಚಲು ಅವಕಾಶ ಕೊಡದಷ್ಟು ಚಿಕ್ಕದು. ಆದ್ದರಿಂದ ಕೊಠಡಿಯ ಒಳಗಿರುವವರೆಲ್ಲರೂ ಹಸಿರು ಗಾಜಿನ ರಕ್ಷಣಾ ಕನ್ನಡಕ ಹಾಕಿಕೊಳ್ಳಬೇಕು, ಕೈಗಡಿಯಾರ ಮತ್ತು ಉಂಗುರಗಳನ್ನು ಕಳಚಿಡಬೇಕು ಎಂಬ ನಿಯಮವಿತ್ತು. ಹೊಳೆಯುವ ಲೋಹಕ್ಕೆ ತಗುಲಿದ ಕಿರಣ ಎತ್ತ ತಿರುಗುತ್ತದೆಂದು ಯಾರೂ ಹೇಳಲಾರರು. ಆ ನಿಯಮಗಳನ್ನು ದಪ್ಪ ಹಲಗೆಯ ಮೇಲೆ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು ಬಾಗಿಲಿಗೆ ತೂಗುಹಾಕಿದವನು ನಾನೇ. ನನ್ನ ಅಕ್ಷರ ದುಂಡಗಿದೆ ಎಂದು ಆ ಕೆಲಸವನ್ನು ನನಗೆ ವಹಿಸಿದ್ದರು.

ಕನ್ನಡಕಗಳು ಇದ್ದದ್ದು ಎರಡು. ಕೆಲಸ ಮಾಡುತ್ತಿದ್ದವರು ನಾವಿಬ್ಬರೇ, ನನ್ನ ಮಾರ್ಗದರ್ಶಕರು ಮತ್ತು ನಾನು. ಆದ್ದರಿಂದ ಎರಡು ಸಾಕಾಗುತ್ತಿತ್ತು. ಆ ದಿನ ಹೊರಗಿನಿಂದ ಹಿರಿಯ ವಿಜ್ಞಾನಿಯೊಬ್ಬರು ಪ್ರಯೋಗವನ್ನು ನೋಡಲು ಬಂದರು. ನಾವು ಮೂವರಾದೆವು.

ನಮ್ಮ ಮನೆಯಲ್ಲಿ ಹಿರಿಯರು ನಿಂತಿರುವಾಗ ಕಿರಿಯರು ಕುರ್ಚಿಯಲ್ಲಿ ಕುಳಿತಿರುವಂತಿಲ್ಲ. ಒಂದೇ ಕೊಡೆಯಿದ್ದರೆ ಅದು ಹಿರಿಯರ ತಲೆಯ ಮೇಲಿರಬೇಕು. ಈ ಮಾತನ್ನು ಯಾರೂ ನನಗೆ ಕಲಿಸಿದ್ದಲ್ಲ. ಉಸಿರಾಡುವುದನ್ನು ಹೇಗೆ ಕಲಿಸುವುದಿಲ್ಲವೋ ಹಾಗೆ. ನಾನು ನನ್ನ ಕನ್ನಡಕವನ್ನು ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಎರಡೂ ಕೈಗಳಿಂದ ಅವರಿಗೆ ಕೊಟ್ಟೆ. ಅವರ ಮಣಿಕಟ್ಟಿನಲ್ಲಿ ಉಕ್ಕಿನ ಪಟ್ಟಿಯ ಗಡಿಯಾರವಿತ್ತು. ಅದು ನನಗೆ ಕಂಡಿತ್ತು. ಅಷ್ಟು ದೊಡ್ಡವರಿಗೆ "ಗಡಿಯಾರ ತೆಗೆಯಿರಿ" ಎಂದು ಹೇಳುವ ಧೈರ್ಯ ಮಾತ್ರ ನನ್ನಲ್ಲಿರಲಿಲ್ಲ. ಮಾರ್ಗದರ್ಶಕರು ಹಿಂಬದಿಯಲ್ಲಿ ವಿದ್ಯುತ್ ಪೆಟ್ಟಿಗೆಯ ಬಳಿ ಬಗ್ಗಿದ್ದರು. ಯಂತ್ರ ಚಾಲೂ ಆಯಿತು. ಅತಿಥಿಗಳು "ಅದೇನು?" ಎಂದು ಕೇಳುತ್ತ ಕಿರಣದ ದಾರಿಗೆ ಕೈ ಚಾಚಿದರು. ಗಡಿಯಾರದ ಉಕ್ಕಿಗೆ ತಗುಲಿದ ಕಿರಣ ನನ್ನ ಕಡೆ ತಿರುಗಿತು.

ಅವರು ಹೋದ ಮೇಲೆ ನಾನು ಬಾಗಿಲ ಬಳಿ ನಿಂತು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ನಾನೇ ಬರೆದ ಹಲಗೆಯನ್ನು ಓದಲು ಪ್ರಯತ್ನಿಸಿದೆ. ಯಾವ ಅಕ್ಷರದ ಮೇಲೆ ದೃಷ್ಟಿ ಇಟ್ಟರೂ ಆ ಅಕ್ಷರವೇ ಇಲ್ಲ. ಅದರ ಅಕ್ಕಪಕ್ಕದವು ಮಾತ್ರ ಇದ್ದವು. ಮಾರ್ಗದರ್ಶಕರನ್ನು ಹುಡುಕಿಕೊಂಡು ಹೋದೆ.

ವಿಷಯ ತಿಳಿಸಿದಾಗ ಮಾರ್ಗದರ್ಶಕರು ಸ್ಕೂಟರ್ ಹೊರತೆಗೆದರು. ಆ ನಗರದ ಕಣ್ಣಿನ ಆಸ್ಪತ್ರೆಯಲ್ಲಿ ಒಬ್ಬ ವೈದ್ಯರು ಬಹಳ ಹೊತ್ತು ನನ್ನ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದರು. ಬೆಳಕಿನಿಂದ ಸುಟ್ಟ ಕಣ್ಣನ್ನು ಇನ್ನಷ್ಟು ಬೆಳಕಿನಿಂದ ಪರೀಕ್ಷಿಸುತ್ತಾರಲ್ಲ ಎಂದು ನಾನು ಯೋಚಿಸುತ್ತಿದ್ದೆ. ಕಣ್ಣಿನ ಹಿಂಬದಿಯ ಪರದೆಯ ನಡುಭಾಗದಲ್ಲಿ ಸುಟ್ಟ ಗಾಯವಿದೆ, ಸುತ್ತಲೂ ಬಾವು ಬಂದಿದೆ, ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ, ಬಾವು ಇಳಿಸಲು ಮಾತ್ರೆ ತೆಗೆದುಕೊಂಡು ಕಾಯಬೇಕು ಎಂದರು.

"ಎಷ್ಟು ದಿನ ಕಾಯಬೇಕು, ಡಾಕ್ಟರೇ?"

"ಬಾವು ಇಳಿದ ಮೇಲೆ ಎಷ್ಟು ಉಳಿಯುತ್ತೋ ಅಷ್ಟು. ಅದಕ್ಕಿಂತ ಮುಂಚೆ ನಾನು ಹೇಳಿದರೆ ಸುಳ್ಳಾಗುತ್ತೆ."

ಅವರು ಚೌಕುಳಿ ಗೆರೆಗಳಿದ್ದ ಒಂದು ಹಾಳೆಯನ್ನು ಕೊಟ್ಟರು. ಅದರ ನಡುವೆ ಒಂದು ಬಿಂದು ಇತ್ತು. ದಿನಾಲೂ ಬೆಳಿಗ್ಗೆ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಆ ಬಿಂದುವನ್ನು ನೋಡಬೇಕು, ಯಾವ ಚೌಕಗಳು ಕಾಣುವುದಿಲ್ಲವೋ ಅವುಗಳ ಸುತ್ತ ದಿನಕ್ಕೊಂದು ಹೊಸ ನಕಲಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಬೇಕು. ಊರಿಗೆ ಹೋಗಿ ವಿಶ್ರಾಂತಿ ಪಡೆಯಿರಿ ಎಂದು ಹೇಳಿ, ಹುಬ್ಬಳ್ಳಿಯ ಕಣ್ಣಿನ ವೈದ್ಯರೊಬ್ಬರಿಗೆ ಪತ್ರ ಬರೆದುಕೊಟ್ಟರು.

ನನ್ನ ಎಡಗಣ್ಣು ಸಂಪೂರ್ಣ ಚೆನ್ನಾಗಿತ್ತು. ಎರಡೂ ಕಣ್ಣು ತೆರೆದಿದ್ದರೆ ನಡೆಯಲು, ಓದಲು, ಬಸ್ಸಿನ ಹಲಗೆ ಗುರುತಿಸಲು ಯಾವ ಅಡಚಣೆಯೂ ಇರಲಿಲ್ಲ. ಆದ್ದರಿಂದಲೇ ಮನೆಯಲ್ಲಿ ಸುಳ್ಳು ಹೇಳುವುದು ಸುಲಭವಾಯಿತು. ರಜೆಯ ಮೇಲೆ ಬಂದಿದ್ದೇನೆ ಎಂದೆ.

ನಮ್ಮ ತಂದೆ ಧಾರವಾಡ ಜಿಲ್ಲೆಯ ಹಳ್ಳಿಯಿಂದ ದಾಂಡೇಲಿಗೆ ಬಂದು ಕಾಗದದ ಗಿರಣಿ ಸೇರಿದವರು. ನನಗೆ ತಿಳಿವಳಿಕೆ ಬಂದಾಗಿನಿಂದ ಅಲ್ಲಿನ ಫಿನಿಶಿಂಗ್ ವಿಭಾಗದಲ್ಲಿ ಅವರದು ಒಂದೇ ಕೆಲಸ: ಕತ್ತರಿಸಿ ಬಂದ ಹಾಳೆಗಳನ್ನು ಒಂದೊಂದಾಗಿ ಮಗುಚುತ್ತ, ಕಪ್ಪು ಚುಕ್ಕೆ, ನೆರಿಗೆ, ಹರಕು ಇದ್ದವುಗಳನ್ನು ಆರಿಸಿ ತೆಗೆಯುವುದು. ಆ ಚುಕ್ಕೆಗೆ ಅವರು ಚಿಕ್ಕಿ ಎನ್ನುತ್ತಿದ್ದರು. ಬಿದಿರಿನ ಸಿಪ್ಪೆಯ ಕಣವೊಂದು ಅರೆಯದೆ ಉಳಿದರೆ ಹಾಳೆಯಲ್ಲಿ ಚಿಕ್ಕಿಯಾಗುತ್ತದೆ. ನಾನೂ ನನ್ನ ತಂಗಿಯೂ ಚಿಕ್ಕವರಿದ್ದಾಗ, ತೆಗೆದುಹಾಕಿದ ಹಾಳೆಗಳ ಮೇಲೆಯೇ ಅಕ್ಷರ ತಿದ್ದಿದ್ದು. ತಿದ್ದುವ ಮೊದಲು ಅಪ್ಪ ಹಾಳೆಯನ್ನು ಎತ್ತಿ ಹಿಡಿದು "ಚಿಕ್ಕಿ ಎಲ್ಲೈತಿ?" ಎಂದು ಕೇಳುತ್ತಿದ್ದರು. ಮೊದಲು ಹೇಳಿದವರಿಗೆ ಒಂದು ಹಿಡಿ ಶೇಂಗಾ. ನನ್ನ ತಂಗಿಗೆ ಮದುವೆಯಾಗಿ ಅವಳು ಮುಂಡಗೋಡ ತಾಲೂಕಿನ ಮಳಗಿಗೆ ಹೋದ ಮೇಲೆಯೂ, ಊರಿಗೆ ಬಂದಾಗಲೆಲ್ಲ ಆ ಆಟ ನಡೆಯುತ್ತಿತ್ತು.

ಮಗ ಬೆಳಕಿನ ಮೇಲೆ ಕೆಲಸ ಮಾಡುತ್ತಾನೆ ಎಂದು ಅಪ್ಪ ತಮ್ಮ ವಿಭಾಗದಲ್ಲೆಲ್ಲ ಹೇಳಿಕೊಂಡಿದ್ದರು. ಪಾಳಿ ಬದಲಾಗುವ ಭೋಂಗಾ ಕೂಗಿದಾಗ ಗೇಟಿನಿಂದ ಹೊರಬರುವವರು ನನ್ನನ್ನು ಕಂಡರೆ ಸೈಕಲ್ ನಿಲ್ಲಿಸಿ ಮಾತನಾಡಿಸುತ್ತಿದ್ದರು. ಮಾತ್ರೆಗಳಿಂದ ನನಗೆ ವಿಪರೀತ ಹಸಿವಾಗಿ, ಮುಖ ದುಂಡಗೆ ಊದಿಕೊಂಡಿತ್ತು. "ಏನಪಾ, ದೊಡ್ಡ ಊರಿನ ನೀರು ಹತ್ತಿದಂಗ ಕಾಣ್ತೈತಿ!" ಎಂದು ಅವರು ನಗುತ್ತಿದ್ದರು. ಅವ್ವನಿಗಂತೂ ಸಂತೋಷವೋ ಸಂತೋಷ. ಎರಡು ರೊಟ್ಟಿ ತಿನ್ನುತ್ತಿದ್ದವನು ಐದು ತಿನ್ನುತ್ತಿದ್ದೆ. ನನ್ನ ಕಾಯಿಲೆಯ ಅತ್ಯಂತ ಕೆಟ್ಟ ದಿನಗಳಲ್ಲಿ ನಾನು ಆರೋಗ್ಯವಂತನೆಂದು ಗಿರಣಿಯ ಇಡೀ ವಸಾಹತು ಹೊಗಳುತ್ತಿತ್ತು.

ಆ ಭಾನುವಾರ ಅಪ್ಪ ಅಂಗಳದ ಕಟ್ಟೆಯ ಮೇಲೆ ಕುಳಿತು ಹಾಳೆಗಳ ಕಟ್ಟೊಂದನ್ನು ಬಿಚ್ಚಿದರು. ಒಂದು ಹಾಳೆಯನ್ನು ಎತ್ತಿ ಹಿಡಿದರು.

"ಬಾ, ಸಂಶೋಧಕ. ಎಲ್ಲೈತಿ ಹೇಳು ನೋಡೂಣು."

ನಾನು ನೋಡಿದೆ. "ಕೆಳಗ, ಬಲಗಡೆ ಮೂಲ್ಯಾಗ."

"ಖರೆ." ಅವರು ಹಾಳೆಯನ್ನು ಇಳಿಸಲಿಲ್ಲ. "ಆದರ ಬಲಗಣ್ಣು ಯಾಕ ಮುಚ್ಚಿದಿ?"

ನಾನು ಮುಚ್ಚಿದ್ದೇನೆಂದು ನನಗೇ ಗೊತ್ತಿರಲಿಲ್ಲ. "ರೂಢಿ ಆಗೇತಿ" ಎಂದೆ.

"ಹಿಂದಿನ ಸಲ ಬಂದಾಗ ಇರಲಿಲ್ಲಲಾ ಈ ರೂಢಿ." ಅವರು ಬೇರೆ ಹಾಳೆಯನ್ನು ತೆಗೆದುಕೊಂಡರು. "ಈಗ ಎಡಗಣ್ಣು ಮುಚ್ಚು. ಎಲ್ಲೈತಿ?"

ಬಿಸಿಲು ಹಾಳೆಯ ಮೇಲೆ ಬಿದ್ದಿತ್ತು. ಬಿಳುಪಿನ ನಡುವೆ ಎಂಟಾಣೆಯಷ್ಟು ಅಗಲದ ಕಂದು ಕಲೆ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಹಿಂದೆ ನಿಜವಾದ ಚಿಕ್ಕಿ ಅಡಗಿರಬಹುದೆಂದು ಲೆಕ್ಕಹಾಕಿದೆ.

"ನಡುವ ಐತಿ."

ಅಪ್ಪ ಹಾಳೆಯನ್ನು ತಲೆಕೆಳಗು ಮಾಡಿದರು. "ಈಗ?"

"ನಡುವ."

ಹಾಳೆಯ ಬೆನ್ನನ್ನು ಈಚೆ ತಿರುಗಿಸಿ, ಮೇಲಕ್ಕೆತ್ತಿ ಹಿಡಿದರು. "ಈಗ?"

ಅವರು ಏನು ಮಾಡುತ್ತಿದ್ದಾರೆಂದು ಅಷ್ಟರಲ್ಲಿ ನನಗೆ ಅರ್ಥವಾಗಿತ್ತು. ಆದರೂ ಬೇರೆ ಉತ್ತರ ನನ್ನಲ್ಲಿರಲಿಲ್ಲ. "ನಡುವ, ಅಪ್ಪಾ."

"ತಮ್ಮಾ, ಇದು ಪಾಸಾದ ಹಾಳಿ. ಇದರಾಗ ಏನೂ ಇಲ್ಲ."

ಒಳಗಿನಿಂದ ಅವ್ವ ಕೂಗಿ ಕೇಳಿದಳು, "ಏನ್ರಿ ಅದು, ಅಪ್ಪ ಮಗಂದು?"

"ಏನಿಲ್ಲ, ಹಾಳಿ ನೋಡಾಕತ್ತೀವಿ" ಎಂದ ಅಪ್ಪ, ಧ್ವನಿಯನ್ನು ತಗ್ಗಿಸಿ ನನ್ನನ್ನು ಕೇಳಿದರು: "ಎಷ್ಟು ದಿನ ಆತು?"

"ಮೂರು ವಾರ." ಕನ್ನಡಕ ಕೊಟ್ಟದ್ದೂ ಸೇರಿ ಆದದ್ದನ್ನೆಲ್ಲ ಹೇಳಿದೆ.

ಅವರು ಹಾಳೆಗಳನ್ನು ಕಟ್ಟಿನೊಳಗೆ ಸರಿಯಾಗಿ ಜೋಡಿಸಿ, ಅಂಚು ತಟ್ಟಿ, ದಾರ ಬಿಗಿದು ಗಂಟು ಹಾಕಿದರು. ಆಮೇಲೆ ಒಳಗೆ ಹೋಗಿ ಅವ್ವನಿಗೆ ಅವರೇ ಹೇಳಿದರು. ಅಳುವಿನ ನಿರೀಕ್ಷೆಯಲ್ಲಿ ನಾನು ಬಾಗಿಲ ಬಳಿ ನಿಂತಿದ್ದೆ. ಅವ್ವ ಅಳಲಿಲ್ಲ, ಅಪ್ಪನ ಮೇಲೆ ಸಿಟ್ಟಾದಳು. "ಇಷ್ಟು ವರ್ಷ ಹಾಳ್ಯಾಗಿನ ಚಿಕ್ಕಿ ಹುಡುಕಿದಾತಗ, ಮಗನ ಕಣ್ಣಾಗಿಂದು ಹುಡುಕಾಕ ಮೂರು ವಾರ ಬೇಕಾತೇನು?" ಆಮೇಲೆ ಉಪ್ಪು, ಮೆಣಸಿನಕಾಯಿ ತಂದು ನನ್ನನ್ನು ಕೂರಿಸಿ ದೃಷ್ಟಿ ತೆಗೆದಳು. ವಿಜ್ಞಾನದ ವಿದ್ಯಾರ್ಥಿಯಾಗಿ ನಾನು ಸುಮ್ಮನೆ ಕುಳಿತೆ. ಮೆಣಸಿನಕಾಯಿಯ ಘಾಟಿಗೆ ಎರಡೂ ಕಣ್ಣುಗಳಲ್ಲಿ ಸಮನಾಗಿ ನೀರು ಬಂದದ್ದು ನನಗೆ ಯಾಕೋ ಸಮಾಧಾನವೆನಿಸಿತು. ಅಂದಿನಿಂದ ನಾನು ಚೌಕುಳಿ ಹಾಳೆಯನ್ನು ಅಡಗಿಸಿಡಬೇಕಾಗಲಿಲ್ಲ. ಅದನ್ನು ದೇವರ ಗೂಡಿನ ಪಕ್ಕದಲ್ಲಿ ಮೊಳೆಗೆ ಸಿಕ್ಕಿಸಿದೆವು.

ಹುಬ್ಬಳ್ಳಿಯ ವೈದ್ಯರಲ್ಲಿಗೆ ಅಪ್ಪ ರಜೆ ಹಾಕಿ ಜೊತೆಗೆ ಬಂದರು. ಹಳಿಯಾಳದಲ್ಲಿ ಬಸ್ಸು ಹತ್ತಿದ ವಯಸ್ಸಾದ ಹೆಂಗಸೊಬ್ಬಳು ವೈದ್ಯರ ಬಳಿಗೂ ಬಂದು ನನ್ನ ಪಕ್ಕದ ಬೆಂಚಿನಲ್ಲಿಯೇ ಕುಳಿತಳು. ಹೆಸರು ಮರಿಯಾಬಾಯಿ. ಹಳಿಯಾಳದ ಹತ್ತಿರದ ಸಿದ್ದಿಯರ ಹಳ್ಳಿಯವಳು, ಹೊಲದ ಕೆಲಸ ಮಾಡುವವಳು. ಕೊರಳಲ್ಲಿ ಕಪ್ಪು ದಾರಕ್ಕೆ ಪೋಣಿಸಿದ ಸಣ್ಣ ಶಿಲುಬೆಯಿತ್ತು.

"ನನಗ ಪೊರಿ ಬಂದೈತಿ. ನಿನಗೇನಾಗೇತಿ?" ಎಂದು ಅವಳು ಕೇಳಿದಳು.

"ಕಣ್ಣಾಗ ಬೆಳಕು ಬಿತ್ರಿ."

"ಬೆಳಕು ಬಿದ್ದು ಕಣ್ಣು ಹೋಗತಾವೇನು? ನಮ್ಮವು ಕತ್ತಲಾಗಿ ಹೋಗ್ಯಾವು, ನಿನ್ನದು ಬೆಳಕಾಗಿ ಹೋಗೇತಿ. ದೇವರು ಒಬ್ಬೊಬ್ಬರಿಗೆ ಒಂದೊಂದು ನಮೂನಿ ಕೊಡ್ತಾನ ನೋಡು." ಅವಳು ತನ್ನ ಮಾತಿಗೆ ತಾನೇ ನಕ್ಕಳು. ನಾನೂ ನಕ್ಕೆ. ಪೆಟ್ಟಾದ ಮೇಲೆ ಆ ಕಣ್ಣಿನ ಬಗ್ಗೆ ನಾನು ನಕ್ಕದ್ದು ಅದೇ ಮೊದಲು.

ನಮ್ಮ ಪಾಳಿ ಹತ್ತಿರ ಬಂದಾಗ, ಇಸ್ತ್ರಿ ಮಾಡಿದ ಸಫಾರಿ ತೊಟ್ಟ ಹಿರಿಯರೊಬ್ಬರು ಬಂದು ಬಾಗಿಲ ಬಳಿ ನಿಂತರು. ಅವರು ನನ್ನನ್ನು ಏನೂ ಕೇಳಲಿಲ್ಲ. ಗಡಿಯಾರವನ್ನು ಮಾತ್ರ ನೋಡಿಕೊಂಡರು. ನಾನು ಎದ್ದು ನಿಂತು, "ಮೊದಲು ನೀವು ಹೋಗಿರಿ" ಎಂದೆ. ಅವರು ಒಳಗೆ ಹೋದರು. ಮರಿಯಾಬಾಯಿ ನನ್ನ ತೋಳನ್ನು ತಿವಿದಳು.

"ಯಾಕ ಬಿಟ್ಟಿ?"

"ದೊಡ್ಡವರು ಅದಾರ್ರಿ. ನನ್ನ ಪಾಳಿ ಕೊಟ್ಟೆ, ಅಷ್ಟ."

"ನಿನ್ನ ಪಾಳಿ ನೀ ಕೊಡು, ಯಾರು ಬ್ಯಾಡ ಅಂತಾರ? ನನ್ನ ಪಾಳಿ ಯಾಕ ಕೊಟ್ಟಿ? ನಿನ್ನ ಹಿಂದ ಕುಂತಾಕಿ ನಾನು. ನನ್ನ ಹಿಂದ ಆ ಕೂಸಿನ ತಾಯಿ. ನೀ ದೊಡ್ಡಸ್ತಿಕಿ ಮಾಡಿದಿ, ನಾವೆಲ್ಲಾ ಒಂದೊಂದು ಹಿಂದ ಸರದ್ವಿ."

ಅಪ್ಪ ಜೋರಾಗಿ ನಕ್ಕರು. ನನಗೆ ಕಿವಿ ಬಿಸಿಯಾಯಿತು. ನಾನು ನನ್ನ ಜಾಗದಲ್ಲಿ ಅವಳನ್ನು ಮುಂದೆ ಕಳುಹಿಸಲು ಹೋದಾಗ ಅವಳು ಅದಕ್ಕೂ ಬೈದಳು: "ಕುಂದರು. ಮತ್ತ ಅದ ಮಾಡಬ್ಯಾಡ."

ವೈದ್ಯರು ನನ್ನ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿಸಿದರು. ಪೆನ್ಸಿಲಿನ ಸುತ್ತು ಸ್ವಲ್ಪ ಸ್ವಲ್ಪವೇ ಕಿರಿದಾಗುತ್ತಿತ್ತು. ಬಾವು ಇಳಿಯುತ್ತಿದೆ, ಆದರೆ ಗಾಯದ ಗುರುತು ಪೂರ್ತಿ ಹೋಗುವುದಿಲ್ಲ ಎಂದರು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಕೂಡದು, ಹಂತ ಹಂತವಾಗಿ ಕಡಿಮೆ ಮಾಡಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಆ ಕಣ್ಣಿನಿಂದ ಪುನಃ ಓದಲು ಸಾಧ್ಯವೇ ಎಂದು ಕೇಳಿದೆ. "ನೋಡೋಣ" ಎಂದರು. ಕಣ್ಣಿನ ವೈದ್ಯರ ಬಾಯಿಂದ ಆ ಶಬ್ದವನ್ನು ನಾನು ಎಷ್ಟು ಸಲ ಕೇಳಿದ್ದೇನೋ!

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಹಳಿಯಾಳ ದಾಟಿದ ಮೇಲೆ ಕೇಳಿದರು:

"ನೀ ಹಾಳಿ ಹೆಂಗ ನೋಡ್ತಿ?"

"ಹೆಂಗ ಅಂದರ? ನೇರ ನೋಡ್ತೇನಿ."

"ಅದ ತಪ್ಪು. ಹೊಸಬರು ಫಿನಿಶಿಂಗಿಗೆ ಬಂದರ ಹಂಗ ಮಾಡ್ತಾರ. ಕಣ್ಣು ನೆಟ್ಟು ನೋಡ್ತಾರ. ತಾಸಿನಾಗ ಕಣ್ಣು ಸೋತು, ಚಿಕ್ಕಿ ಎದುರಿಗೇ ಹಾದು ಹೋದರೂ ಕಾಣೂದಿಲ್ಲ. ನಾವು ಹಾಳಿ ನೋಡೂದ ಇಲ್ಲ. ಹಾಳಿ ಬಾಜೂಕ ನೋಡ್ತೀವಿ. ಚಿಕ್ಕಿ ತಾನಾಗಿ ಬಂದು ಕಣ್ಣಿಗೆ ಬೀಳ್ತೈತಿ."

ಮರುದಿನದಿಂದಲೇ ಪಾಠ ಆರಂಭವಾಯಿತು. ಅಪ್ಪ ಎಡಗಣ್ಣಿಗೆ ಕರವಸ್ತ್ರ ಕಟ್ಟುತ್ತಿದ್ದರು. ಹಾಳೆಯ ಮೇಲಂಚಿನಿಂದ ಬೆರಳಗಲ ಆಚೆ ತಮ್ಮ ಹೆಬ್ಬೆರಳನ್ನಿಟ್ಟು, "ನನ್ನ ಬೆರಳ ನೋಡು, ಹಾಳಿ ನೋಡಿದರ ಶೇಂಗಾ ಇಲ್ಲ" ಎನ್ನುತ್ತಿದ್ದರು. ಮೊದಲ ವಾರ ನನಗೆ ತಲೆನೋವು ಬಂತು, ಸಿಟ್ಟೂ ಬಂತು. ಸ್ನಾತಕೋತ್ತರ ಪದವಿಯಲ್ಲಿ ದೃಗ್ವಿಜ್ಞಾನ ಓದಿದವನಿಗೆ ಕರವಸ್ತ್ರ ಕಟ್ಟಿ ನೋಡುವುದನ್ನು ಕಲಿಸುತ್ತಿದ್ದಾರೆಂದು ಒಳಗೊಳಗೇ ಅವಮಾನವೂ ಆಯಿತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಒಂದು ಮಧ್ಯಾಹ್ನ ನಾವಿಬ್ಬರೂ ಊರ ಪಕ್ಕದ ಮೌಳಂಗಿಯ ಹೊಳೆಯ ದಂಡೆಯಲ್ಲಿ ಕುಳಿತಿದ್ದೆವು. ಆಚೆಯ ದಂಡೆಯ ಬಂಡೆಯ ಮೇಲೆ ಒಬ್ಬರು ಬಟ್ಟೆ ಒಗೆಯುತ್ತಿದ್ದರು. ಬಲಗಣ್ಣಿನಿಂದ ನೇರವಾಗಿ ನೋಡಿದೆ. ಮೈಯಿತ್ತು, ಎತ್ತಿದ ಕೈಯಿತ್ತು, ತಲೆಯಿರಲಿಲ್ಲ. ಅದೊಂದು ಭಯಾನಕ ದೃಶ್ಯ. ಎಷ್ಟು ಸಲ ಕಂಡರೂ ಅಭ್ಯಾಸವಾಗುವಂಥದ್ದಲ್ಲ. ಆಗ ಅಪ್ಪನ ಬೆರಳು ನೆನಪಾಗಿ, ದೃಷ್ಟಿಯನ್ನು ಬಟ್ಟೆ ಒಗೆಯುತ್ತಿದ್ದವರ ತಲೆಗಿಂತ ಸ್ವಲ್ಪ ಮೇಲೆ, ಹಿಂದಿನ ಬಿದಿರು ಮೆಳೆಯ ಕಡೆ ಎತ್ತಿದೆ. ತಲೆ ಬಂತು. ತಲೆಗೆ ಸುತ್ತಿದ ಕೆಂಪು ವಸ್ತ್ರವೂ ಬಂತು.

"ಕೆಂಪು ರುಮಾಲು" ಎಂದೆ.

ಅಪ್ಪ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದರು. "ಹೌದಲೇ!" ಎಂದು ಕಿಸೆಯಿಂದ ಶೇಂಗಾ ತೆಗೆದರು.

ಮುಂದಿನ ಭೇಟಿಯಲ್ಲಿ ಇದನ್ನು ತಿಳಿಸಿದಾಗ ಹುಬ್ಬಳ್ಳಿಯ ವೈದ್ಯರು ಪೆನ್ನು ಕೆಳಗಿಟ್ಟರು. ಕಣ್ಣಿನ ನಡುಭಾಗ ಕಳೆದುಕೊಂಡವರಿಗೆ ಬದಿಯಿಂದ ನೋಡಲು ಕಲಿಸುವುದು ಒಂದು ಒಪ್ಪಿತ ವಿಧಾನವೇ ಎಂದೂ, ಅದನ್ನು ನನಗೆ ನಂತರ ತಿಳಿಸಬೇಕೆಂದು ತಾವು ಅಂದುಕೊಂಡಿದ್ದಾಗಿಯೂ ಹೇಳಿದರು. "ಯಾರು ಹೇಳಿಕೊಟ್ಟರು ನಿಮಗೆ?" ಎಂದು ಕೇಳಿದರು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅಪ್ಪನನ್ನು ತೋರಿಸಿದೆ.

ಕಣ್ಣಿನ ವಿಷಯ ಹೀಗೆ ನಿಧಾನವಾಗಿ ನೆಲೆಗೊಳ್ಳುತ್ತಿರುವಾಗ ಸಂಸ್ಥೆಯಿಂದ ಒಂದು ಲಕೋಟೆ ಬಂತು. ಅವಘಡ ಹೇಗೆ ಸಂಭವಿಸಿತೆಂದು ನಾನು ಲಿಖಿತ ಹೇಳಿಕೆ ಕೊಡಬೇಕಿತ್ತು. ಅದನ್ನು ಪರಿಶೀಲಿಸಿದ ನಂತರವೇ ನನ್ನನ್ನು ಪ್ರಯೋಗಾಲಯಕ್ಕೆ ಮರಳಿ ಸೇರಿಸಿಕೊಳ್ಳುವ ವಿಚಾರ. ಕಣ್ಣಿಗಿಂತಲೂ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಆ ಕಾಗದ. ಇದ್ದದ್ದನ್ನು ಬರೆದರೆ ಅತಿಥಿಗಳ ಮೇಲೆ ದೂರು ಹೇಳಿದಂತಾಗುತ್ತದೆ, ಮಾರ್ಗದರ್ಶಕರಿಗೆ ಮುಜುಗರವಾಗುತ್ತದೆ, ನನ್ನ ಸ್ಥಾನ ಹೋದರೂ ಹೋದೀತು. ಎರಡು ದಿನ ಯೋಚಿಸಿ, ತಪ್ಪಿಲ್ಲದ ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಬರೆದೆ. ಅಪ್ಪ ಅದನ್ನು ಕನ್ನಡದಲ್ಲಿ ಓದಿ ಹೇಳು ಎಂದರು.

"ನನ್ನ ಸ್ವಂತ ಅಜಾಗರೂಕತೆಯಿಂದ ಈ ಅವಘಡ ಸಂಭವಿಸಿರುತ್ತದೆ" ಎಂದು ಓದಿದೆ.

"ನಿನ್ನ ಕನ್ನಡಕ ಆಗ ಯಾರ ಕಣ್ಣಿನ ಮ್ಯಾಲಿತ್ತು?"

"ಬಂದವರ ಕಣ್ಣಿನ ಮ್ಯಾಲೆ."

"ಅದು ಇದರಾಗ ಎಲ್ಲೈತಿ?"

ಅಪ್ಪ ಮೂಲೆಯಲ್ಲಿದ್ದ ಹಾಳೆಗಳ ಕಟ್ಟಿನ ಕಡೆ ನೋಡುತ್ತ ಹೇಳಿದರು: "ನಾ ಆರಿಸಿದ ಪ್ರತಿ ಕಟ್ಟಿನಾಗ ನನ್ನ ನಂಬರಿನ ಚೀಟಿ ಹೋಗ್ತೈತಿ. ಚಿಕ್ಕಿ ಇದ್ದ ಹಾಳಿ ಒಂದು ಒಳಗ ಮುಚ್ಚಿಟ್ಟೆ ಅಂದರ ಇಡೀ ಕಟ್ಟು ತಿರುಗಿ ಬರ್ತೈತಿ. ನೀ ಬರದಿದ್ದು ಸುಳ್ಳಲ್ಲ. ಮ್ಯಾಲಿನ ಹಾಳಿ ಅಷ್ಟ ತೋರಿಸಿದಿ."

"ಅವರು ದೊಡ್ಡವರು, ಅಪ್ಪಾ. ನಾ ಹೆಂಗ ಬರೀಲಿ? ಕನ್ನಡಕ ನಾನಾಗೇ ಕೊಟ್ಟೆ. ನನ್ನ ಕಣ್ಣು ಹೋತು. ಬ್ಯಾರೆಯವರಿಗೆ ಏನೂ ಆಗಲಿಲ್ಲಲಾ."

"ಮರಿಯಾಬಾಯಿ ಏನಂದಳು, ನೆನಪೈತೇನು? ನಿನ್ನ ಪಾಳಿ ನೀ ಕೊಟ್ಟಿ. ನಿನ್ನ ಹಿಂದ ಕುಂತಾಕಿ ಯಾರು?" ಅವರು ಒಲೆಯ ಕಡೆ ಗಲ್ಲ ತೋರಿಸಿದರು. ಅಲ್ಲಿ ಅವ್ವ ನಮ್ಮ ಕಡೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. "ಆಕೀನ್ನ ಕೇಳಿದ್ದೇನು ನೀನು?"

ರೊಟ್ಟಿ ಬಡಿಯುವ ಸದ್ದು ನಿಂತಿತು. ಆಮೇಲೆ ಮತ್ತೆ ಆರಂಭವಾಯಿತು.

ನಾನು ಹೊಸ ಹಾಳೆ ತೆಗೆದುಕೊಂಡೆ. ಕೊಠಡಿಯಲ್ಲಿ ಮೂವರಿದ್ದೆವು, ಕನ್ನಡಕಗಳು ಎರಡಿದ್ದವು. ಸಂಕೋಚದಿಂದ ನನ್ನದನ್ನು ಅತಿಥಿಗಳಿಗೆ ಕೊಟ್ಟೆ. ಅವರ ಗಡಿಯಾರ ನನಗೆ ಕಂಡಿತ್ತು. ತೆಗೆಯಿರೆಂದು ಹೇಳುವ ಧೈರ್ಯವಾಗಲಿಲ್ಲ. ನಿಯಮದ ಹಲಗೆಯನ್ನು ಬರೆದವನು ನಾನೇ. ಇಷ್ಟನ್ನು ಬರೆದು, ಇನ್ನೊಮ್ಮೆ ನಕಲು ಮಾಡಿ, ಅಂಚೆಗೆ ಹಾಕಿದೆ.

ಉತ್ತರ ಬರುವವರೆಗಿನ ದಿನಗಳಲ್ಲಿ ನಾನು ಚೌಕುಳಿ ಹಾಳೆಯನ್ನು ನೋಡುವುದನ್ನೇ ಎರಡು ಬಾರಿ ಮರೆತೆ ಎಂದರೆ ಆ ಆತಂಕವನ್ನು ಊಹಿಸಬಹುದು. ಅಂಚೆಯವನ ಸೈಕಲ್ಲು ನಮ್ಮ ಸಾಲಿಗೆ ತಿರುಗುವ ಹೊತ್ತಿಗೆ ಅವ್ವ ಏನಾದರೂ ನೆಪ ಮಾಡಿ ಅಂಗಳದಲ್ಲಿರುತ್ತಿದ್ದಳು. ಕೊನೆಗೆ ಮಾರ್ಗದರ್ಶಕರ ಕೈಬರಹದ ಪತ್ರ ಬಂತು. ಅದರಲ್ಲಿ ಹೀಗಿತ್ತು: ನಿಮ್ಮ ಹೇಳಿಕೆಯಲ್ಲಿ ಒಂದು ದೋಷವಿದೆ. ಅವರು ನನ್ನ ಅತಿಥಿ. ಗಡಿಯಾರ ತೆಗೆಯಿರೆಂದು ಹೇಳಬೇಕಾಗಿದ್ದವನು ನಾನು, ಮತ್ತು ಯಂತ್ರ ಚಾಲೂ ಮಾಡುವ ಮೊದಲು ತಿರುಗಿ ನೋಡಬೇಕಾಗಿದ್ದವನೂ ನಾನೇ. ಅದನ್ನು ನಾನು ಸೇರಿಸಿ ಕೊಟ್ಟಿದ್ದೇನೆ. ವೈದ್ಯರು ಒಪ್ಪಿದ ದಿನ ಬನ್ನಿ.

ಅವ್ವ ಆ ಪತ್ರವನ್ನು ಎರಡು ಸಲ ಓದಿಸಿದಳು.

ವೈದ್ಯರು ಒಪ್ಪುವ ಹೊತ್ತಿಗೆ ಎಂಟಾಣೆಯಷ್ಟಿದ್ದ ಕಲೆ ಕಡಲೆಬೇಳೆಯಷ್ಟಾಗಿತ್ತು. ಆಮೇಲಿನ ತಿಂಗಳುಗಳಲ್ಲಿ ಸಾಸಿವೆಯಷ್ಟಾಗಿ, ಅಲ್ಲಿಯೇ ನಿಂತಿತು. ಇಂದಿಗೂ ಇದೆ. ಬಿಳಿಯ ಗೋಡೆಯ ಮೇಲೆ, ಬೇಸಿಗೆಯ ಆಕಾಶದಲ್ಲಿ, ಈ ಬರಹದ ಹಾಳೆಯ ಮೇಲೆಯೂ ಅದು ನನ್ನ ಜೊತೆ ಓಡಾಡುತ್ತದೆ. ಮಾತ್ರೆ ನಿಂತ ಮೇಲೆ ನನ್ನ ಮುಖ ಮೊದಲಿನಂತೆ ಸೊರಗಿತು. "ಛೆ, ಇಳದ ಹೋದಿ" ಎಂದು ವಸಾಹತಿನವರು ಮರುಗಿದರು. ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಇಂಥದೇ ಹಾಳೆ ಹಿಡಿದು ಕುಳಿತವರಿಗೆ ನಾನು ಪ್ರಾಮಾಣಿಕವಾಗಿ ಹೇಳಬಲ್ಲದ್ದು ಇಷ್ಟೇ: ಕಲೆ ಹೋಗದಿರಬಹುದು, ಆದರೆ ಅದನ್ನು ನೋಡುತ್ತಲೇ ಇರಬೇಕಾದ ಅಗತ್ಯ ಕ್ರಮೇಣ ಹೋಗುತ್ತದೆ.

ನಾನು ಮರಳಿ ಹೊರಟಾಗ ಅಪ್ಪನೂ ಬಂದರು. ಮಗನ ಕಣ್ಣನ್ನು ಸುಟ್ಟ ಯಂತ್ರವನ್ನು ಒಮ್ಮೆ ನೋಡಬೇಕು ಎಂದರು. ಪ್ರಯೋಗಾಲಯದ ಬಾಗಿಲಲ್ಲಿ ನಿಂತು ನನ್ನ ಹಲಗೆಯನ್ನು ಅಕ್ಷರ ಕೂಡಿಸಿ ಓದಿದರು. ಯಾರೂ ಹೇಳದೆಯೇ ಗಡಿಯಾರ ಬಿಚ್ಚಿ ನನ್ನ ಕೈಗಿಟ್ಟರು. ಮದುವೆಯ ಬೆಳ್ಳಿಯುಂಗುರ ಬೆರಳಿನಿಂದ ಬರಲಿಲ್ಲ. ನಲ್ಲಿಯ ಬಳಿ ಹೋಗಿ ಸಾಬೂನು ಹಚ್ಚಿ ತಿರುವಿ ತಿರುವಿ ತೆಗೆದರು.

"ಬನ್ನಿ, ಯಜಮಾನ್ರೇ. ನಿಮಗೆ ನಾನೇ ತೋರಿಸ್ತೀನಿ" ಎಂದು ಮಾರ್ಗದರ್ಶಕರು ಬಹಳ ಗೌರವದಿಂದ ಬರಮಾಡಿಕೊಂಡರು. ಹೆಚ್ಚಿನ ಕನ್ನಡಕಗಳಿಗೆ ಅರ್ಜಿ ಹೋಗಿತ್ತು. ಅವು ಪರದೇಶದಿಂದ ಬರಬೇಕಿತ್ತು. ಗೂಡಿನಲ್ಲಿ ಇದ್ದದ್ದು ಅವೇ ಎರಡು. ಒಂದನ್ನು ನಾನು ಹಾಕಿಕೊಂಡೆ. ಇನ್ನೊಂದನ್ನು ಮಾರ್ಗದರ್ಶಕರು ಹಾಕಿಕೊಂಡು, ಅಪ್ಪನ ಕಡೆ ನೋಡಿದವರೇ ಮತ್ತೆ ತೆಗೆದು, ಎರಡೂ ಕೈಗಳಿಂದ ಅವರಿಗೆ ಕೊಟ್ಟರು.

"ನೀವು ಅಷ್ಟು ದೂರದಿಂದ ಬಂದಿದ್ದೀರಿ. ಹಾಕ್ಕೊಳ್ಳಿ. ನಾನು ಈ ಕಡೆ ಮುಖ ಮಾಡಿ ನಿಂತ್ಕೋತೀನಿ."

ಅಪ್ಪ ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದರು. ಯಂತ್ರದ ಬೀಗದ ಕೈ ನನ್ನ ಬೆರಳುಗಳಲ್ಲಿತ್ತು. ನನ್ನ ಪ್ರಬಂಧ, ನನ್ನ ಪದವಿ, ಮುಂದಿನ ಕೆಲಸ ಎಲ್ಲವೂ ಆ ಒಬ್ಬ ಮನುಷ್ಯರ ಸಹಿಯಲ್ಲಿದ್ದವು. ತಪ್ಪು ತಮ್ಮದೆಂದು ಪತ್ರ ಬರೆದವರೂ ಅವರೇ.

"ಸರ್" ಎಂದೆ. "ಮೂವರಿದ್ದೇವೆ. ಕನ್ನಡಕ ಎರಡೇ ಇವೆ. ದಯವಿಟ್ಟು ನೀವು ಹೊರಗೆ ನಿಲ್ಲಬೇಕು."

ಅವರು ಒಂದು ಕ್ಷಣ ನನ್ನನ್ನು ದಿಟ್ಟಿಸಿದರು. ಆಮೇಲೆ "ಸರಿ" ಎಂದು ಹೊರಗೆ ಹೋಗಿ, ಬಾಗಿಲನ್ನು ತಾವೇ ಎಳೆದುಕೊಂಡರು.

ಬೀಗದ ಕೈ ತಿರುಗಿಸಿದೆ. ಯಂತ್ರ ಚಾಲೂ ಇದೆಯೆಂದು ತೋರಿಸುವ, ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು. ಪೂರ್ತಿ ಕಪ್ಪಾಗಿಸಿದ ಫೋಟೋ ಕಾಗದವೊಂದನ್ನು ಕಿರಣದ ದಾರಿಯಲ್ಲಿ ನಿಲ್ಲಿಸಿ, ಒಂದೇ ಒಂದು ಮಿಡಿತ ಬಿಟ್ಟೆ. ಒಣಕಡ್ಡಿ ಮುರಿದಂಥ ಸದ್ದಾಯಿತು. ಅಪ್ಪನಿಗೆ ಏನೂ ಕಾಣಲಿಲ್ಲ. ಕಾಣುವಂಥದ್ದು ಏನೂ ಇರಲಿಲ್ಲ. ಕಾಗದವನ್ನು ತೆಗೆದು ಅವರ ಕೈಗೆ ಕೊಟ್ಟೆ. ಅವರು ಅದನ್ನು ನೇರ ನೋಡಲಿಲ್ಲ. ಓರೆಯಾಗಿ ಹಿಡಿದು, ಅದರ ಪಕ್ಕಕ್ಕೆ ದೃಷ್ಟಿ ಹರಿಸಿ, ಕ್ಷಣದಲ್ಲಿ ಹೆಬ್ಬೆರಳನ್ನು ಅಲ್ಲಿಟ್ಟರು. ಕಪ್ಪಿನ ನಡುವೆ ಸಾಸಿವೆಯಷ್ಟು ಬೆಳ್ಳಗಿನ ಗುರುತು.

"ನಮ್ಮ ಹಾಳಿ ಉಲ್ಟಾ ಮಾಡಿದಂಗ ಐತಿ" ಎಂದರು. "ಇಷ್ಟ ಸಣ್ಣದೇನು?" ಎಂದು ಕೇಳಿದರು.

"ಇಷ್ಟ, ಅಪ್ಪಾ."

ಅವರು ಆ ಗುರುತನ್ನು ಹೆಬ್ಬೆರಳಿನಿಂದ ಎರಡು ಸಲ ಸವರಿದರು. ಆಮೇಲೆ ತಲೆಯೆತ್ತಿ, "ದೊಡ್ಡವರು ಹೊರಗ ನಿಂತಾರ. ಲಗೂನ ಬಾಗಲಾ ತಗಿ" ಎಂದರು.

ನಾನು ಲಗುಬಗೆ ಮಾಡಲಿಲ್ಲ. ಬೀಗದ ಕೈ ತಿರುಗಿಸಿ ಹೊರತೆಗೆದೆ. ಕೆಂಪು ದೀಪ ಆರುವುದನ್ನು ನೋಡಿದೆ. ಆಮೇಲೆ ಬಾಗಿಲು ತೆರೆದೆ.